ಓದುವವರ ಮುಂದಿನ ಮೊರ

ಆ ಬೀಡಿ ಕಟ್ಟುವ ಮನೆಯಲ್ಲಿ ಓದುವವರ ಮುಂದೆ ಒಂದು ಖಾಲಿ ಮೊರ ಇಡುತ್ತಿದ್ದರು. ಪುಸ್ತಕ ಹಿಡಿದ ಕೈ ಎಲೆ ಸುತ್ತಲಾರದಲ್ಲ. ಓದುವವರ ಕೂಲಿ ಹೋಗಬಾರದೆಂದು, ಕೇಳುತ್ತ ಕೂತ ಹೆಂಗಸರು ತಾವು ಕಟ್ಟಿದ ಬೀಡಿಗಳನ್ನು ಆಗಾಗ ಅದರೊಳಗೆ ಹಾಕುವರು. ಓದು ಮುಗಿಯುವ ಹೊತ್ತಿಗೆ ಮೊರ ತುಂಬಿರುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ನನ್ನ ಮಗಳು ಚಂದ್ರಿಕೆ ಜ್ವರದಲ್ಲಿ ತೀರಿಕೊಂಡ ವರ್ಷ. ಅವಳು ಹೋದಾಗ ನಾನು ಅಳಲಿಲ್ಲ. ಆಮೇಲೂ ಅಳು ಬರಲಿಲ್ಲ. ಅನ್ನ ಮಾಡುತ್ತಿದ್ದೆ, ತಲೆ ಬಾಚಿಕೊಳ್ಳುತ್ತಿದ್ದೆ; ಉಂಡದ್ದು ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಹೀಗೇ ಕಲ್ಲಾಗಿ ಉಳಿದುಬಿಡುತ್ತೇನೇನೋ ಎಂಬ ಹೆದರಿಕೆಯೂ ಎಲ್ಲೋ ದೂರದಲ್ಲಿತ್ತು. ಅಲ್ಲಿ ಬೀಡಿ ಕಟ್ಟುತ್ತಿದ್ದ ಹಿಂದಿನ ಬೀದಿಯ ದ್ಯಾವಮ್ಮ ಒಂದು ದಿನ ಬಂದು, ತಮಗೆ ಓದಿ ಹೇಳುತ್ತಿದ್ದ ಹುಡುಗಿ ಮದುವೆಯಾಗಿ ಹೋದಳೆಂದೂ, ಕತೆ ಅರ್ಧಕ್ಕೆ ನಿಂತಿದೆಯೆಂದೂ, ಕಾಲೇಜು ಓದಿದ ನಾನು ಬರಬೇಕೆಂದೂ ಹೇಳಿದಳು. ಬೇಡವೆನ್ನುವುದಕ್ಕೂ ಮನಸ್ಸು ಬೇಕು, ಹೋದೆ.

ಕೂಲಿ ಬೇಡವೆಂದರೂ ಮೊರ ಬಂತು.

"ಅದು ನಮ್ ಪದ್ಧತಿ, ಸುಮ್ಕಿರಿ ಅಮ್ಮಾವ್ರೇ," ಎಂದಳು ಪಕ್ಕದಲ್ಲಿದ್ದ ಖೈರುನ್ನೀಸಾ. "ಬ್ಯಾಡಾಂದ್ರೆ ದ್ಯಾವಮ್ಮಂಗೆ ಕೊಡಿ. ಮುದುಕಿ ಕದ್ದು ಸೇದ್ತದೆ."

ಎಲ್ಲರೂ ನಕ್ಕರು. ನಾನು ಪುಸ್ತಕ ತೆರೆದೆ.

ಅದೊಂದು ದುಃಖದ ಕಾದಂಬರಿ. ಬಡ ತಾಯಿಯೊಬ್ಬಳ ಮಗ ಕೆರೆಯಲ್ಲಿ ಮುಳುಗುತ್ತಾನೆ. ಮಣ್ಣು ಮಾಡಿ ಬಂದವರೆಲ್ಲ ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಕತ್ತಲಾದರೂ ದೀಪ ಹಚ್ಚದೆ ಅವಳು ಹೊಸ್ತಿಲ ಮೇಲೆ ಕೂತಿರುವಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಅಷ್ಟನ್ನೂ ರೈಲಿನ ವೇಳಾಪಟ್ಟಿ ಓದಿ ಹೇಳಿದಂತೆ ಓದಿದೆ. ತಲೆಯೆತ್ತಿದಾಗ ಹೆಂಗಸರ ಕೈಗಳು ನಿಂತಿದ್ದವು. ಆಮೇಲೆ ಯಾರಾದರೂ ಅವಳ ಹತ್ತಿರ ಬಂದರೇ ಎಂದು ದ್ಯಾವಮ್ಮ ಕೇಳಿದಳು. ಇಲ್ಲವೆಂದೆ.

ಮರುದಿನ ಮುಂದಿನ ಅಧ್ಯಾಯ ತೆರೆದೆ. ಅಲ್ಲಿ ವರ್ಷಗಳು ಉರುಳಿದ್ದವು, ಕತೆ ಬೇರೆ ಊರಿಗೆ ಹೋಗಿತ್ತು. ಮೊದಲ ಸಾಲಿಗೇ ದ್ಯಾವಮ್ಮ ಕೈ ಅಡ್ಡ ಹಿಡಿದಳು.

"ಮುಂದಕ್ಕೆ ಬ್ಯಾಡ ಕಣವ್ವ. ನಿನ್ನೆದೇ ಓದು."

"ಅದು ಓದಿ ಆಯ್ತಲ್ಲ, ದ್ಯಾವಮ್ಮ."

"ಆಯ್ತು. ಆದ್ರೆ ಆ ತಾಯಿ ಅಲ್ಲೇ ಒಬ್ಳೇ ಕುಂತವ್ಳಲ್ಲ. ಅವಳನ್ನ ಬುಟ್ಟು ನಾವೆಂಗೆ ಬ್ಯಾರೆ ಊರಿಗೆ ಹೋಗಾದು? ವಸಿ ಹೊತ್ತು ಜೊತೇಲಿರಾನ."

ಯಾರೂ ನಗಲಿಲ್ಲ. ಖೈರುನ್ನೀಸಾ, ಇನ್ನೊಬ್ಬರು ಬಂದು ಕೂರುವವರಿದ್ದಾರೆ ಎಂಬಂತೆ, ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು.

ಹಾಳೆ ಹಿಂದಕ್ಕೆ ತಿರುವಿ ಓದತೊಡಗಿದೆ. ಹೊಸ್ತಿಲಿನವರೆಗೂ ಬಂದೆ. ದೀಪದ ಮಾತು ಬರುವಷ್ಟರಲ್ಲಿ ಅಕ್ಷರಗಳು ಕಲಸಿಹೋದವು. ಕೈ ಮೇಲೆ ಏನೋ ಬಿತ್ತು, ಬಿಸಿಯಾಗಿತ್ತು. ಬಿಸಿಯೆಂದು ನನಗೆ ತಿಳಿಯಿತು.

ಯಾರೂ ತಲೆಯೆತ್ತಲಿಲ್ಲ, ಸಮಾಧಾನ ಹೇಳಲಿಲ್ಲ, ಓದೆಂದು ಅವಸರಿಸಲಿಲ್ಲ. ಕತ್ತರಿ, ಎಲೆ, ದಾರಗಳ ನಡುವೆ ಕೈಗಳು ತಮ್ಮ ಪಾಡಿಗೆ ಆಡುತ್ತಿದ್ದವು. ನಾನು ಓದುತ್ತಿರಲಿಲ್ಲ, ಆದರೂ ನನ್ನ ಮುಂದಿನ ಮೊರದೊಳಗೆ ಒಂದೊಂದಾಗಿ ಬೀಡಿಗಳು ಬೀಳುತ್ತಲೇ ಇದ್ದವು.