ಅಟ್ಟದ ಕಾಯಲ್ಲ, ಮಗು

ನೊಣವಿನಕೆರೆಯ ವಿಮಲಮ್ಮನಿಗೆ ಕಾಯುವುದು ಚೆನ್ನಾಗಿ ಗೊತ್ತು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ವರ್ಷದೊಪ್ಪತ್ತು ಸುಮ್ಮನೆ ಬಿದ್ದಿದ್ದರೆ ತಾನಾಗಿ ಕೊಬ್ಬರಿಯಾಗುತ್ತದೆ. ನಡುವೆ ಕೈ ಹಾಕಿದವರು ಕೆಟ್ಟರು. ಹಿರಿಮಗಳು ಇಂಪನಾಳ ಮಗ ಮೋಕ್ಷಿತ್ ಮೂರು ತುಂಬಿದರೂ ಮಾತಾಡದೆ, ಯಾರ ಮುಖವನ್ನೂ ನೋಡದೆ ಕೈ ಒದರುತ್ತಿದ್ದಾಗಲೂ ಆಕೆ ಅದನ್ನೇ ಹೇಳಿದಳು: "ತಡವಾಗಿ ಮಾತು ಬತ್ತದೆ, ಸುಮ್ನಿರು."

ಸುಮ್ಮನಿದ್ದರು. ಹುಡುಗನಿಗೀಗ ಎಂಟು. ಎರಡು ಮಾತು ಕೂಡಿಸಲಾರ. ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಇದು ಫ್ರಜೈಲ್ ಎಕ್ಸ್ ಎಂಬ ವಂಶಪಾರಂಪರ್ಯ ತೊಂದರೆ, ತಾಯಿಯ ಕಡೆಯಿಂದ ಬಂದಿದೆ ಎಂದರು.

"ನಮ್ಮನೇಲಿ ಯಾರಿಗೂ ಇಲ್ಲ ಕಣಮ್ಮ. ನಾನೇನು ದಡ್ಡೀನಾ, ಇಂಪನಾ ದಡ್ಡೀನಾ?" ಎಂದು ವಿಮಲಮ್ಮ, ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಪುಷ್ಪಲತಾಳ ಮೇಲೆ ಹರಿಹಾಯ್ದಳು.

"ಹೆಂಗಸ್ರಲ್ಲಿ ಎಷ್ಟೋ ಸಲ ಏನೂ ಕಾಣದಂಗೆ ಇರ್ತದೆ ದೊಡ್ಡಮ್ಮ. ಗಂಡುಮಗೀಗೆ ಬಂದ್ರೆ ಜೋರಾಗಿ ಕಾಣ್ತದೆ. ಮಿದುಳಿಗೆ ಬೇಕಾದ ಒಂದು ಪ್ರೋಟೀನು ಸರಿಯಾಗಿ ಹುಟ್ಟಲ್ಲ. ಅದಿಲ್ದೆ ನರನರದ ನಡುವಿನ ಕೆಲಸ ಹದ ತಪ್ತದೆ ಅಂತ ಡಾಕ್ಟ್ರು ಹೇಳಿದ್ರು."

"ಔಷಧಿ?"

"ಪೂರ್ತಿ ಗುಣ ಮಾಡೋದು ಇನ್ನೂ ಇಲ್ಲ. ಇಲಿ ಮೇಲೆ ಪರೀಕ್ಷೆ ಮಾಡ್ದಾಗ ಹಿಡಿಸಿದ ಔಷಧಿ ಮನುಷ್ಯರಿಗೆ ಹಿಡಿಸ್ಲಿಲ್ವಂತೆ. ಹುಡುಕ್ತಾನೇ ಅವ್ರೆ. ಮಾತು ಕಲಿಸೋ ತರಬೇತಿ ಈಗ್ಲೂ ಕೊಡಿಸ್ಬೋದು. ಮೂರಕ್ಕೇ ಹೋಗಿದ್ರೆ..." ಪುಷ್ಪಲತಾ ಮುಂದಿನ ಮಾತನ್ನು ನುಂಗಿಕೊಂಡಳು.

ನುಂಗಿದ ಮಾತೇ ವಿಮಲಮ್ಮನ ಎದೆಗೆ ನಾಟಿತು. ಅಷ್ಟು ವರ್ಷ ಕಾಯಿಸಿದವಳು ತಾನೇ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಅಕ್ಕನ ರಕ್ತದಲ್ಲಿರೋದು ತಂಗೀಲೂ ಇರ್ಬೋದು. ಲಿಖಿತಂಗೂ ಪರೀಕ್ಷೆ ಮಾಡ್ಸಿ," ಎಂದಳು ಪುಷ್ಪಲತಾ. ಕಿರಿಮಗಳು ಲಿಖಿತಾ ತುರುವೇಕೆರೆಯಲ್ಲಿ ಬಸುರಿ.

"ಅವಳ ಅತ್ತೆ ಮನೇಲಿ ಗೊತ್ತಾದ್ರೆ ಬಾಳಿಸ್ತಾರೇನೆ? ಬುಡು, ಹೇಳೋದು ಬೇಡ."

ಪಕ್ಕದಲ್ಲೇ ಕೂತಿದ್ದ ಇಂಪನಾ ಮೋಕ್ಷಿತನ ಬಾಯೊರೆಸುತ್ತ ಹೇಳಿದಳು: "ನಂಗೆ ಹೇಳೋರು ಯಾರೂ ಇರ್ಲಿಲ್ಲ ಅಮ್ಮ. ಅವಳಿಗೆ ನೀನಿದ್ದೀಯ."

ವಿಮಲಮ್ಮ ಫೋನು ಕೈಗೆತ್ತಿಕೊಂಡಳು.

"ಲಿಖಿತಾ, ಅಳಿಯಂದಿರನ್ನೂ ಕರ್ಕೊಂಡು ನಾಳೇನೇ ಬಾ. ನಮ್ಮ ರಕ್ತದ ವಿಷ್ಯ ಒಂದು ಹೇಳ್ಬೇಕು. ಕಾಯ್ಬೇಡ ಕಣೇ."

ಅಕ್ಕ ತಂಗಿಯರೇ, ಮೋಕ್ಷಿತ್ ಕಳೆದುಕೊಂಡ ವರ್ಷಗಳನ್ನು ಯಾರೂ ತಂದುಕೊಡಲಾರರು. ನಿಮ್ಮ ಮಗುವಿಗೆ ಮಾತು ತಡವಾದರೆ ಇಂದೇ ವೈದ್ಯರಿಗೆ ತೋರಿಸಿ. ಮನೆತನದಲ್ಲಿ ಇಂಥ ಮಗುವಿದ್ದರೆ ಒಡಹುಟ್ಟಿದವರಿಗೆ ತಿಳಿಸಿ, ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ರಕ್ತದಲ್ಲಿ ಬಂದದ್ದು ಯಾವ ತಾಯಿಯ ತಪ್ಪೂ ಅಲ್ಲ. ಗೊತ್ತಿದ್ದೂ ಮುಚ್ಚಿಡಬೇಡಿ.