ರಾಯ್ನಜ್ಜಿಯ ಬಿಂದಿಗೆ ಒದ್ದವಳು

ಹನ್ನೆರಡನೇ ತರಗತಿಯ ಇಪ್ಪತ್ತಾರು ಮಂದಿಯಲ್ಲಿ, ಶಾಲೆ ಮುಗಿಸುವವರ ಊಟ-ಕುಣಿತದ ಸಂಜೆಯಾದ ಪ್ರಾಮ್‌ಗೆ ಹೋಗುವುದಿಲ್ಲ ಎಂದವಳು ತೆಮೆನುಗಾ ಒಬ್ಬಳೇ. ಈ ಸಂಗತಿ ಸೆವ್ಲಿಯೆವೊ ಪಟ್ಟಣದಲ್ಲಿ ಯಾರಿಗೂ ತಿಳಿಯದೆ ಉಳಿದಿರಲಿಲ್ಲ. ಅವಳೇ ಹೇಳಿಕೊಂಡು ತಿರುಗಿದ್ದಳು. ಸೆಪ್ಟೆಂಬರಿನಲ್ಲಿ ತರಗತಿಯ ಮುಂದೆ ಎದ್ದು ನಿಂತು ಹನ್ನೊಂದು ನಿಮಿಷ ಭಾಷಣ ಬಿಗಿದಿದ್ದಳು. ಪ್ರಾಮ್ ಎಂದರೆ ನವಿಲುಗಳ ಸಂತೆ, ಒಂದು ಸಂಜೆಯ ಮೆರವಣಿಗೆಗಾಗಿ ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಹೊರಡುವ ಹಬ್ಬ, ತನ್ನಂಥ ಯೋಚಿಸುವ ಜೀವಿಗೆ ಅಲ್ಲಿ ಜಾಗವಿಲ್ಲ, ಇತ್ಯಾದಿ. ಮುಗಿದ ಮೇಲೆ ಚಪ್ಪಾಳೆ ಬೀಳಬಹುದೆಂದು ಸ್ವಲ್ಪ ಹೊತ್ತು ನಿಂತೇ ಇದ್ದಳು. ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದರು. "ಹಾಗಾದ್ರೆ ಒಂದು ತಟ್ಟೆ ಕಡಿಮೆ" ಎಂದು ಕ್ಲಾಸ್ ಟೀಚರ್ ಬರೆದುಕೊಂಡರು.

ತೆಮೆನುಗಾ ಒಳಗೊಳಗೇ ಹಾಕಿಕೊಂಡಿದ್ದ ಯೋಜನೆ ಬೇರೆ. ತಾನು ಬರುವುದಿಲ್ಲ ಎಂದರೆ ನಾಲ್ಕು ಜನ ಮನೆ ಬಾಗಿಲಿಗೆ ಬಂದು ಗೋಗರೆಯುತ್ತಾರೆ, ತಾನು ಮುಖ ಗಂಟಿಕ್ಕಿಕೊಂಡು, ಸರಿ ಬಿಡಿ, ನಿಮಗೋಸ್ಕರ ಎಂದು ಒಪ್ಪಿಕೊಳ್ಳುವುದು. ಅಕ್ಟೋಬರ್ ಹೋಯಿತು, ಕ್ರಿಸ್‌ಮಸ್ ಹೋಯಿತು, ಗೋಗರೆಯುವವರ ಸುಳಿವೇ ಇಲ್ಲ. ಇಷ್ಟು ಚೆನ್ನಾಗಿ ಮಾತಾಡಬಾರದಿತ್ತು, ಎಲ್ಲರೂ ನಂಬಿಬಿಟ್ಟಿದ್ದಾರೆ ಎಂದು ತನ್ನನ್ನು ತಾನು ಸಮಾಧಾನ ಮಾಡಿಕೊಂಡಳು.

ಮಾರ್ಚ್‌ನಲ್ಲಿ ಕೊನೆಗೂ ಒಬ್ಬಳು ಬಂದಳು. ಗೆರ್ಗಿನಾ, ಅದೇ ಕಟ್ಟಡದ ಮೊದಲ ಮಹಡಿಯವಳು, ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಪಕ್ಕದಲ್ಲಿ ಕೂತವಳು. ಚಳಿಗಾಲವಿಡೀ ಅಮ್ಮನ ಹೊಲಿಗೆ ಯಂತ್ರದ ಮುಂದೆ ಕೂತು ತಾನೇ ಹೊಲಿದ ಹಸಿರು ಡ್ರೆಸ್ಸನ್ನು ಎರಡೂ ಕೈಯಲ್ಲಿ ಹಿಡಿದು ತಂದಿದ್ದಳು. "ಹೇಗಿದೆ ಹೇಳು. ಆಮೇಲೆ, ನೀನೂ ಬಾರೇ" ಎಂದಳು. ಆರು ತಿಂಗಳಿಂದ ಕಾದಿದ್ದ ಮಾತು ಅದೇ. ಒಂದೇ ಒಂದು ಹೂಂ ಅಂದಿದ್ದರೆ ಸಾಕಿತ್ತು. ಆದರೆ ಆರು ತಿಂಗಳಲ್ಲಿ ನಾಲಿಗೆಗೆ ಬೇರೆಯೇ ಅಭ್ಯಾಸವಾಗಿತ್ತಲ್ಲ. "ಇದು ಡ್ರೆಸ್ಸಾ? ಸಿನಿಮಾ ಟಾಕೀಸಿನ ಪರದೆ ಅಂದ್ಕೊಂಡೆ" ಎಂದುಬಿಟ್ಟಳು ತೆಮೆನುಗಾ. ಗೆರ್ಗಿನಾ ಡ್ರೆಸ್ಸನ್ನು ಮಡಿಸಿಕೊಂಡು ಮೆಟ್ಟಿಲಿಳಿದು ಹೋದಳು. ಅಂದಿನಿಂದ ಒಂದೇ ಬೆಂಚಿನಲ್ಲಿ ಇಬ್ಬರೂ ಎರಡು ತುದಿಗೆ ಕೂತರು. ಮಧ್ಯೆ ಇನ್ನೊಬ್ಬ ದಪ್ಪಗಿರುವವನು ಆರಾಮಾಗಿ ಕೂರಬಹುದಿತ್ತು.

ಮೇ ತಿಂಗಳ ಕೊನೆಯ ಶುಕ್ರವಾರ, ಪ್ರಾಮ್ ದಿನ. ಮಧ್ಯಾಹ್ನದಿಂದಲೇ ಬೀದಿಯಲ್ಲಿ ಕಾರುಗಳು ಹಾರ್ನ್ ಹೊಡೆಯುತ್ತ ಸುತ್ತುತ್ತಿದ್ದವು. ಕಿಟಕಿಗಳಿಂದ ಸೊಂಟದವರೆಗೆ ಹೊರಗೆ ವಾಲಿದ ಹುಡುಗ ಹುಡುಗಿಯರು ಶಾಲೆಯ ಒಂದೊಂದು ವರ್ಷಕ್ಕೂ ಒಂದೊಂದರಂತೆ ಹನ್ನೆರಡರವರೆಗೆ ಗಂಟಲು ಹರಿಯುವಂತೆ ಎಣಿಸುತ್ತಿದ್ದರು. ತೆಮೆನುಗಾ ಬಾಲ್ಕನಿಯ ಬಾಗಿಲು ಹಾಕಿಕೊಂಡು ದಪ್ಪ ಪುಸ್ತಕವೊಂದರ ನಲವತ್ತೆರಡನೇ ಪುಟ ಓದುತ್ತಿದ್ದಳು. ಊಟವಾದಾಗಿನಿಂದಲೂ ಅದೇ ಪುಟ. ಕೆಳಗೆ ಒಂದು ಕಾರು "ಹತ್ತು! ಹನ್ನೊಂದು!" ಎಂದು ಕೂಗುತ್ತ ತಿರುವಿನಲ್ಲಿ ಮರೆಯಾಯಿತು. "ಹನ್ನೆರಡು" ಎಂದಿತು ಒಂದು ಬಾಯಿ, ಕೋಣೆಯೊಳಗೇ. ನೋಡಿದರೆ ತನ್ನದೇ. ಯಾರೂ ಇಲ್ಲದಿದ್ದರೂ ಅದನ್ನು ಆಕಳಿಕೆಯಾಗಿ ಬದಲಾಯಿಸಿದಳು.

ಆಗ ಅವಳ ಅಜ್ಜಿ, ಎಲ್ಲರ ರಾಯ್ನಜ್ಜಿ, ಬಿಂದಿಗೆ ಹಿಡಿದು ಒಳಗೆ ಬಂದಳು. ಈ ಕಟ್ಟಡದಲ್ಲಿ ತಾಮ್ರದ ಬಿಂದಿಗೆ ಇದ್ದದ್ದು ರಾಯ್ನಜ್ಜಿಯ ಹತ್ತಿರ ಮಾತ್ರ. ಮದುಮಗಳು ಹೊರಡಲಿ, ಪ್ರಾಮ್‌ಗೆ ಮಗಳು ಹೊರಡಲಿ, ಅದಕ್ಕೆ ನೀರು ತುಂಬಿ ಹೊಸಿಲಾಚೆ ಇಟ್ಟು, ಮೇಲೆ ಜೆರೇನಿಯಂ ಸೊಪ್ಪು ಹಾಕಬೇಕು, ಹೊರಡುವವಳು ಬಲಗಾಲಿನಿಂದ ಒದ್ದು ಉರುಳಿಸಿ ದಾಟಬೇಕು. ಆಗ ಅವಳ ದಾರಿ ನೀರಿನ ಹಾಗೆ ಸರಾಗವಾಗಿ ಸಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಒದ್ದು ಹೋದವರ ಗತಿ ಏನಾಯಿತೆಂಬುದಕ್ಕೆ ಅಜ್ಜಿಯ ಬಳಿ ಹೆಸರು ವಿಳಾಸ ಸಮೇತ ಉದಾಹರಣೆಗಳಿದ್ದವು.

"ಏಳೇ ತೆಮಾ. ಇದನ್ನ ತಗೊಂಡ್ಹೋಗಿ ಕೆಳಗೆ ಬಾಗಿಲ ಹತ್ರ ಇಡು. ಗೆರ್ಗಿನಾ ಇಳಿಯೋ ಹೊತ್ತಾಯ್ತು."

"ನಾನ್ಯಾಕೆ? ಅಮ್ಮನ್ನ ಕಳಿಸು."

"ನಿಮ್ಮಮ್ಮನ ಕೈಯೆಲ್ಲಾ ಹಿಟ್ಟು. ನನ್ನ ಮಂಡಿ ಮೂರು ಮಹಡಿ ಇಳಿಯಲ್ಲ ಅನ್ನುತ್ತೆ. ನೀನು ಹೇಗಿದ್ರೂ ಯೋಚ್ನೆ ಮಾಡ್ತಾ ಕೂತಿದೀಯ. ಅಂದ್ರೆ ಖಾಲಿ ತಾನೆ?"

ಮನೆಯ ಹಳೇ ಪೈಜಾಮ, ಕಾಲಿಗೆ ರಬ್ಬರ್ ಚಪ್ಪಲಿ, ತಲೆ ಬಾಚದೆ ಎರಡು ದಿನ. ಆ ಅವತಾರದಲ್ಲೇ ತೆಮೆನುಗಾ ತುಂಬಿದ ಬಿಂದಿಗೆ ಹೊತ್ತು ಇಳಿದಳು. ಮೆಟ್ಟಿಲ ಮೇಲೆಲ್ಲ ಜನ. ಗೆರ್ಗಿನಾಳ ಅಪ್ಪ ಮಿತ್ಕೊ ಟೈ ಕಟ್ಟಿ ಬೆವರುತ್ತ ಬಂದವರ ಕೈಗೆಲ್ಲ ರಕಿಯಾ ಎಂಬ ಹಣ್ಣಿನ ಸಾರಾಯಿಯ ಪುಟ್ಟ ಲೋಟ ಕೊಡುತ್ತಿದ್ದ. ಹೊರಗೆ ಕ್ವಿನ್ಸ್ ಮರದಡಿ ಮೇಜು, ಮೇಜಿನ ಮೇಲೆ ಪದರಪದರವಾಗಿ ಬೇಯಿಸಿದ ಚೀಸಿನ ಬಾನಿತ್ಸಾ, ಅಕಾರ್ಡಿಯನ್ ಹಿಡಿದ ಒಬ್ಬ ಮುದುಕ. ತೆಮೆನುಗಾ ಹೊಸಿಲಾಚೆ ಬಿಂದಿಗೆ ಇಟ್ಟು, ಸೊಪ್ಪು ಸರಿಮಾಡಿ, ಒಳಗೆ ಗೋಡೆಗೆ ಒತ್ತಿ ನಿಂತಳು. ಮೇಲೆ ಹೋಗಬೇಕಿತ್ತು. ಹೋಗಲಿಲ್ಲ.

ಅಕಾರ್ಡಿಯನ್ ಶುರುವಾಯಿತು. ಗೆರ್ಗಿನಾ ಇಳಿದು ಬಂದಳು. ಆ ಹಸಿರು ಡ್ರೆಸ್ಸು ಅವಳ ಹೆಗಲಿಂದ ಪಾದದವರೆಗೆ ಒಂದು ಸುಕ್ಕಿಲ್ಲದೆ ಇಳಿದಿತ್ತು. ಪರದೆಯೂ ಇಲ್ಲ, ಮಣ್ಣೂ ಇಲ್ಲ, ಬಹಳ ಚೆಂದದ ಡ್ರೆಸ್ಸು ಅದು. ತೆಮೆನುಗಾ ಮೆಟ್ಟಿಲು ಎಣಿಸಿದಳು. ಇನ್ನು ಹತ್ತು ಮೆಟ್ಟಿಲು, ಆಮೇಲೆ ಕಾರು, ಆಮೇಲೆ ಅವರೆಲ್ಲ ಒಟ್ಟಿಗೆ ಹನ್ನೆರಡು ಎಂದು ಕೂಗಿ ಮುಗಿಸಿಬಿಡುತ್ತಾರೆ. ಮುಂದಿನ ವರ್ಷ ಯಾರು ಯಾವ ಊರೋ. ತಾನು ಮಾತ್ರ ನಲವತ್ತೆರಡನೇ ಪುಟ.

ಆಗ ಅದು ನಡೆಯಿತು. ಪಾಪ, ಕಾಲು ತಗುಲಿತು ಎಂದು ಆಮೇಲೆ ಎಲ್ಲರೂ ಹೇಳಿದರು. ನಿಜ ಹೇಳಬೇಕೆಂದರೆ ಯಾವ ಕಾಲೂ ಯಾವುದಕ್ಕೂ ತಗುಲಲಿಲ್ಲ. ತೆಮೆನುಗಾ ಗೋಡೆ ಬಿಟ್ಟು ಎರಡು ಹೆಜ್ಜೆ ಇಟ್ಟು, ಬಲಗಾಲನ್ನೇ ಆರಿಸಿಕೊಂಡು, ರಬ್ಬರ್ ಚಪ್ಪಲಿ ಸಮೇತ ಬಿಂದಿಗೆಗೆ ಒದ್ದಳು. ಬಿಂದಿಗೆ ಡಣಡಣ ಎಂದು ಮೂರು ಮೆಟ್ಟಿಲು ಉರುಳಿತು. ನೀರು ಹರಿಯಿತು. ಅವಳು ನೀರು ದಾಟಿ ಆಚೆ ನಿಂತಿದ್ದಳು.

"ಅಯ್ಯೋ, ನೋಡ್ಲಿಲ್ಲ" ಎಂದಳು, ಜನ್ಮದಲ್ಲೇ ಅತಿ ಕೆಟ್ಟದಾಗಿ ನಟಿಸುತ್ತ.

ಮೂರನೇ ಮಹಡಿಯ ಬಾಲ್ಕನಿಯಿಂದ ರಾಯ್ನಜ್ಜಿ ಕೂಗಿದಳು. "ತೆಮಾ! ಒಳಗೆ ಕಾಲಿಡ್ಬೇಡ! ನೀರು ಚೆಲ್ಲಿ ದಾಟಿದವಳು ಹಿಂದಕ್ಕೆ ತಿರುಗಿದ್ರೆ ಓದಿದ್ದೆಲ್ಲಾ ನೀರುಪಾಲು! ಹೋಗ್ಲೇಬೇಕು ನೀನೀಗ!"

"ಹಣೇಲಿ ಬರ್ದಿತ್ತು ಕಣೇ" ಎಂದು ಪಕ್ಕದ ಮನೆಯ ಪೆಂಕಾ ಅತ್ತೆ ಶಿಲುಬೆ ಗುರುತು ಮಾಡಿಕೊಂಡಳು. "ಬೇಡ ಬೇಡ ಅಂದ್ರೂ ಬಿಂದಿಗೆ ಬಿಡ್ಲಿಲ್ಲ ನೋಡು."

"ನನಗೆ ಈ ಮೂಢನಂಬಿಕೆಯೆಲ್ಲಾ ಇಲ್ಲ" ಎಂದಳು ತೆಮೆನುಗಾ. ಆದರೆ ಹೊಸಿಲ ಕಡೆಗೆ ಒಂದಂಗುಲವೂ ಅಲ್ಲಾಡಲಿಲ್ಲ. ಎಷ್ಟು ಸೊಗಸಾಯಿತು! ಯಾರನ್ನೂ ಕೇಳಬೇಕಿಲ್ಲ, ತಪ್ಪಾಯಿತು ಎನ್ನಬೇಕಿಲ್ಲ, ಸೆಪ್ಟೆಂಬರಿನ ಭಾಷಣದ ಒಂದಕ್ಷರವನ್ನೂ ಹಿಂದಕ್ಕೆ ನುಂಗಬೇಕಿಲ್ಲ. ಒಬ್ಬ ವಿಚಾರವಂತೆಯನ್ನು ವಿಧಿ ಬಲವಂತವಾಗಿ ಎಳೆದೊಯ್ಯುತ್ತಿದೆ, ಅಷ್ಟೇ.

ಒಳಗೆ ಹೋಗುವಂತಿಲ್ಲವಲ್ಲ, ಬಟ್ಟೆ ಮೇಲಿನಿಂದಲೇ ಬಂತು. ಅವಳ ಅಮ್ಮ ನೆವೆನಾ ಹಿಟ್ಟಿನ ಕೈಯಲ್ಲೇ ಬೀರು ತೆರೆದು, ತೊಂಬತ್ತನಾಲ್ಕರಲ್ಲಿ ತಾನು ಪ್ರಾಮ್‌ಗೆ ತೊಟ್ಟಿದ್ದ ನೀಲಿ ಸ್ಯಾಟಿನ್ ಡ್ರೆಸ್ಸನ್ನು ಚೀಲಕ್ಕೆ ತುರುಕಿ ಬಾಲ್ಕನಿಯಿಂದ ಎಸೆದಳು. ಹಿಂದೆಯೇ ಶೂ. ಒಂದು ಗುಲಾಬಿ ಪೊದೆಗೆ ಬಿತ್ತು, ಇನ್ನೊಂದು ಎರಡನೇ ಮಹಡಿಯವರ ಬಟ್ಟೆ ಹಗ್ಗದಲ್ಲಿ ಯಾರದೋ ಬನಿಯನ್ ಪಕ್ಕ ನೇತಾಡಿಕೊಂಡಿತು. ಪೆಂಕಾ ಅತ್ತೆ ಮೇಜಿನ ಬಟ್ಟೆಯನ್ನೇ ಎಳೆದು ಇನ್ನೊಬ್ಬಳ ಜೊತೆ ಮರೆ ಹಿಡಿದಳು. ಬಾನಿತ್ಸಾ ಚೂರುಗಳು ತಲೆ ಮೇಲೆ ಉದುರುತ್ತಿರಲು ತೆಮೆನುಗಾ ಪೈಜಾಮ ಕಳಚಿ ನೀಲಿ ಡ್ರೆಸ್ಸು ಹಾಕಿಕೊಂಡು ಹೊರಬಂದಳು. ಭುಜಗಳ ಮೇಲೆ ದಿಂಬಿನಂಥ ಎರಡು ಪ್ಯಾಡು, ಸೊಂಟದಲ್ಲಿ ಇನ್ನೊಬ್ಬಳಿಗೆ ಜಾಗ, ಒಂದು ಕಾಲಿಗೆ ಎತ್ತರ ಹಿಮ್ಮಡಿಯ ಶೂ, ಇನ್ನೊಂದಕ್ಕೆ ರಬ್ಬರ್ ಚಪ್ಪಲಿ. ಎಲ್ಲರೂ ಹೋ ಎಂದು ನಕ್ಕರು. ಅವಳೂ ನಕ್ಕು ಸುತ್ತ ನೋಡಿದಳು.

ಆಗ ಕಂಡಿದ್ದು ಗೆರ್ಗಿನಾ. ಬಾಗಿಲ ಒಳಗೆ, ಕೊನೆಯ ಮೆಟ್ಟಿಲ ಮೇಲೆ, ನಿಂತಲ್ಲೇ ನಿಂತಿದ್ದಳು. ಅವಳ ನೀರು ಚೆಲ್ಲಿಹೋಗಿತ್ತು. ಅಕಾರ್ಡಿಯನ್ ಯಾವಾಗಲೋ ನಿಂತಿತ್ತು. ಆ ಡ್ರೆಸ್ಸು ಒಮ್ಮೆ ಎಲ್ಲರ ಕಣ್ಣಿಗೆ ಬೀಳಲಿ ಎಂದು ಚಳಿಗಾಲವಿಡೀ ಹೊಲಿದವಳಿಗೆ ಇಡೀ ಕಟ್ಟಡ ಬೆನ್ನು ಹಾಕಿ ನಿಂತಿತ್ತು. ನವಿಲು ನವಿಲು ಎಂದು ವರ್ಷವಿಡೀ ಬೈದವಳು ಇಲ್ಲಿ ಅಂಗಳದ ನಡುವೆ ಗರಿ ಬಿಚ್ಚಿಕೊಂಡು ನಿಂತಿದ್ದಳು. ತೆಮೆನುಗಾಗೆ ನಾಚಿಕೆಯಾಯಿತು. ಹಾಕಿಕೊಂಡ ಡ್ರೆಸ್ಸಿಗೆ ಆಗಬೇಕಾದ ನಾಚಿಕೆಯಲ್ಲ, ಬೇರೆಯದು.

"ಕಾಲು ತಗುಲಿತಾ?" ಎಂದಳು ಗೆರ್ಗಿನಾ. ಮಾರ್ಚ್ ಆದಮೇಲೆ ಅವಳು ತೆಮೆನುಗಾಳೊಡನೆ ಆಡಿದ ಮೊದಲ ಮಾತು.

ಹೂಂ ಎಂದರೆ ಮುಗಿಯಿತು. ಅಜ್ಜಿಯ ಕಾನೂನು ಇದೆ, ಪೆಂಕಾ ಅತ್ತೆಯ ಸಾಕ್ಷಿ ಇದೆ, ಗೆರ್ಗಿನಾ ಕೂಡ ಕಾರಿನಲ್ಲಿ ಜಾಗ ಕೊಡಲೇಬೇಕು. ಪಕ್ಕದಲ್ಲಿ ಕೂತು ಹೋಗಬಹುದು. ಮಧ್ಯೆ ಆ ದಪ್ಪಗಿರುವವನ ಜಾಗ ಹಾಗೇ ಇರುತ್ತದೆ, ಅಷ್ಟೇ.

"ಇಲ್ಲ" ಎಂದಳು ತೆಮೆನುಗಾ. ಧ್ವನಿ ಹೊರಡಲೇ ಇಲ್ಲ. "ಬೇಕಂತಲೇ ಒದ್ದೆ."

"ಏನಂದ್ಲು?" ಮೇಲಿನಿಂದ ರಾಯ್ನಜ್ಜಿ. "ಏನೂ ಕೇಳಿಸ್ಲಿಲ್ಲ! ಗಟ್ಟಿಯಾಗಿ ಹೇಳೇ!"

ತೆಮೆನುಗಾ ತಲೆಯೆತ್ತಿ ಮೂರನೇ ಮಹಡಿಗೆ ಕೇಳುವಂತೆ ಅರಚಿದಳು. "ಬೇಕಂತಲೇ ಒದ್ದೆ ಅಜ್ಜೀ! ನಂಗೂ ಹೋಗ್ಬೇಕಿತ್ತು! ಸೆಪ್ಟೆಂಬರಿಂದ್ಲೂ ಹೋಗ್ಬೇಕಿತ್ತು! ಕೇಳೋಕೆ ಬಾಯಿ ಬರ್ಲಿಲ್ಲ!"

ಪೆಂಕಾ ಅತ್ತೆಯ ಕೈಯಿಂದ ಮೇಜಿನ ಬಟ್ಟೆ ಜಾರಿತು. ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಬನಿಯನ್ ತೊಟ್ಟ ಗಂಡಸೊಬ್ಬ, ಏನೂ ಅರ್ಥವಾಗದೆಯೇ ಇರಬೇಕು, ಮೂರು ಸಲ ಚಪ್ಪಾಳೆ ತಟ್ಟಿದ. ಸೆಪ್ಟೆಂಬರಿನಿಂದ ಬಾಕಿಯಿದ್ದ ಚಪ್ಪಾಳೆ ಕೊನೆಗೂ ಬಂತು.

ಗೆರ್ಗಿನಾ ನಗಲಿಲ್ಲ. "ಡ್ರೆಸ್ ಹೇಗಿದೆ?" ಎಂದಳು.

"ಚೆನ್ನಾಗಿದೆ. ತುಂಬಾ." ತೆಮೆನುಗಾ ಮೂಗೊರೆಸಿಕೊಂಡಳು. "ಮಾರ್ಚ್‌ನಲ್ಲೂ ಚೆನ್ನಾಗಿತ್ತು."

"ನಿಂದು ಸೋಫಾ ಕವರ್ ಥರ ಇದೆ."

"ಗೊತ್ತು."

"ಹಾಗಿದ್ರೆ ಹೋಗಿ ನೀರು ತಾ. ನಾನೆಷ್ಟು ಹೊತ್ತು ಇಲ್ಲೇ ನಿಂತಿರ್ಲಿ?"

ಮನೆಯೊಳಗಿನ ನಲ್ಲಿ ತೆಮೆನುಗಾಗೆ ನಿಷೇಧ. ಗ್ಯಾರೇಜಿನ ಪಕ್ಕದ ತೋಟದ ನಲ್ಲಿಗೆ ಕುಂಟುತ್ತ ಓಡಿ, ಸೊಟ್ಟಗಾದ ಬಿಂದಿಗೆ ತುಂಬಿ, ಸ್ಯಾಟಿನ್ ಎಲ್ಲ ಒದ್ದೆ ಮಾಡಿಕೊಂಡು ತಂದು ಹೊಸಿಲಾಚೆ ಇಟ್ಟಳು. ಸೊಪ್ಪು ಹೆಕ್ಕಿ ಮೇಲಿಟ್ಟಳು. ಆಮೇಲೆ, ತನ್ನ ಕಾಲಿನ ಮೇಲೆ ತನಗೇ ನಂಬಿಕೆಯಿಲ್ಲದ್ದರಿಂದ, ಹತ್ತು ಹೆಜ್ಜೆ ದೂರ ಹೋಗಿ ನಿಂತಳು. ಅಕಾರ್ಡಿಯನ್ ಮತ್ತೆ ಶುರುವಾಯಿತು. ಎಲ್ಲರೂ ಗೆರ್ಗಿನಾಳನ್ನೇ ನೋಡಿದರು, ಬಾಯ್ತುಂಬ ಹೊಗಳಿದರು. ಮಿತ್ಕೊ ಅತ್ತ. ಗೆರ್ಗಿನಾ ಡ್ರೆಸ್ಸಿನ ಅಂಚು ಎತ್ತಿ ಹಿಡಿದು ಒದ್ದ ರಭಸಕ್ಕೆ ಬಿಂದಿಗೆ ಹತ್ತು ಹೆಜ್ಜೆಯನ್ನೂ ಉರುಳಿ ಬಂದು ತೆಮೆನುಗಾಳ ಚಪ್ಪಲಿ ಕಾಲಿಗೇ ಬಡಿಯಿತು. ಅವಳು ಅಯ್ಯೋ ಎಂದು ಬಿಂದಿಗೆಯನ್ನು ಎತ್ತಿ ನಿಲ್ಲಿಸಿದಳು.

ಕಾರಿನ ಪಕ್ಕದಲ್ಲಿ ಗೆರ್ಗಿನಾ ಕೈಚೀಲದಿಂದ ಪಿನ್ನಿನ ಡಬ್ಬಿ ತೆಗೆದು, ನಾಲ್ಕು ಪಿನ್ನು ತುಟಿಗೆ ಕಚ್ಚಿಕೊಂಡು, ಸ್ಯಾಟಿನ್ ಸೊಂಟವನ್ನು ಹಿಂದಿನಿಂದ ಎಳೆದು ಚುಚ್ಚತೊಡಗಿದಳು. ಒಂದೆರಡು ಚರ್ಮಕ್ಕೂ ಚುಚ್ಚಿದವು, ಪ್ರಾಯಶಃ ಬೇಕಂತಲೇ. ಆಗ ತೆಮೆನುಗಾಗೆ ನೆನಪಾಯಿತು. ಸೆಪ್ಟೆಂಬರಿನಲ್ಲೇ ತಟ್ಟೆ ಕಡಿಮೆಯಾಗಿದೆ.

"ಗೆರ್ಗಿನಾ, ಅಲ್ಲಿ ನನಗೆ ಜಾಗವೇ ಇಲ್ವಲ್ಲೇ. ಎಲ್ಲಿ ಕೂರಲಿ?"

ಗೆರ್ಗಿನಾ ಕೊನೆಯ ಪಿನ್ನು ಚುಚ್ಚಿ ಮುಗಿಸಿ ಬಾಯಿ ಖಾಲಿ ಮಾಡಿಕೊಂಡಳು. "ಹೋಟೆಲಿಗೆ ಪಟ್ಟಿ ಕೊಟ್ಟಿದ್ದು ನಾನು. ನನ್ನ ಪಕ್ಕದ ಕುರ್ಚಿ ಯಾರಿಗೂ ಕೊಡ್ಬೇಡಿ ಅಂತ ಬರ್ಸಿದೀನಿ."

"ಯಾಕೆ?"

"ಕೈಚೀಲ ಇಡೋಕೆ" ಎಂದಳು ಗೆರ್ಗಿನಾ. ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ತೆಮೆನುಗಾ ಕೈ ಚಾಚಿ ಆ ಕೈಚೀಲ ಇಸಕೊಂಡು ಕಾರಿನಲ್ಲಿ ಕೂತಳು. ಗೆರ್ಗಿನಾ ಅವಳಿಗೆ ಒತ್ತಿಕೊಂಡು ಪಕ್ಕದಲ್ಲೇ ಕೂತಳು. ಕಾರು ತಿರುವು ದಾಟುವಾಗ ಇಬ್ಬರೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದರಿಂದ ಶುರು ಮಾಡಿದರು. ಎಂಟಕ್ಕೆ ಬರುವಷ್ಟರಲ್ಲಿ ತೆಮೆನುಗಾಳ ಗಂಟಲು ಒಡೆಯಿತು, ಉಳಿದದ್ದನ್ನು ಗೆರ್ಗಿನಾ ಇಬ್ಬರ ಪರವಾಗಿಯೂ ಕೂಗಿದಳು. ಆ ಸಂಜೆಯಿಡೀ ಕೈಚೀಲ ತೆಮೆನುಗಾಳ ತೊಡೆಯ ಮೇಲೇ ಇತ್ತು. ಕುಣಿಯಲು ಎದ್ದಾಗಲೂ ಅವಳದನ್ನು ಕುರ್ಚಿಯ ಮೇಲಿಡಲಿಲ್ಲ, ಹೆಗಲಿಗೆ ಹಾಕಿಕೊಂಡೇ ಕುಣಿದಳು.