ನಾರೆಪ್ಪನ ವರಸೆ

ಸಿನಿಮಾದಲ್ಲಿ ನನ್ನನ್ನು ಬಾರಿಸುವವನು ಹಾಡುಗಾರ ವಿನ್ಸಿ. ನಾರೆಪ್ಪ ಎಂಬ ಪಾತ್ರವೇ ಅದರಲ್ಲಿಲ್ಲ.

ನಾನು ಒಂದು ತಮಟೆ. ಕೋಲಾರದ ಚಿನ್ನದ ಗಣಿಯ ಕೂಲಿ ಲೈನಿನಲ್ಲಿ ಹುಟ್ಟಿದೆ. ದಿನವೂ ಪಾತಾಳಕ್ಕಿಳಿದು ಕಲ್ಲು ಕೊರೆಯುತ್ತಿದ್ದ ನಾರೆಪ್ಪ, ಒಂದು ರಜೆಯ ದಿನ ಬೇವಿನ ಮರದ ಬಳೆಗೆ ಕರುವಿನ ಚರ್ಮ ಎಳೆದು, ಹುಣಸೆಬೀಜದ ಅಂಟು ಬಳಿದು ನನ್ನನ್ನು ಬಿಸಿಲಿಗಿಟ್ಟ. ಚರ್ಮ ಬಿಗಿಯುತ್ತಾ ಹೋದಂತೆ ನನಗೆ ಕಿವಿ ಬಂತು. ಮೊದಲು ಕೇಳಿಸಿದ್ದು ನೆಲದಡಿಯ ಸಿಡಿತ. ಯಾರೋ ನಿದ್ದೆಗಣ್ಣಿನಲ್ಲಿ ಕೆಮ್ಮಿದ ಹಾಗಿತ್ತು.

ನನ್ನ ಕೆಲಸ ಸಾವಿನ ಮನೆಯದು. ಹೆಣದ ಮುಂದೆ ನಾರೆಪ್ಪ ಒಂದೇ ವರಸೆ ಬಾರಿಸುತ್ತಿದ್ದ: ಮೂರು ಏಟು ಓಡಿಬಂದು, ನಾಲ್ಕನೆಯದು ಹೊಸಿಲಲ್ಲಿ ನಿಂತುಬಿಡುವುದು. ಹೋಗುವವರು ಒಮ್ಮೆ ತಿರುಗಿ ನೋಡಲೆಂದು ಆ ನಿಲುಗಡೆ ಎನ್ನುತ್ತಿದ್ದ.

ಗಣಿಯ ಆಫೀಸರುಗಳ ಕ್ಲಬ್ಬಿನಲ್ಲಿ ‘ಲಾಸ್ಟ್ ಕೇಜ್’ ಎಂಬ ರಾಕ್ ಬ್ಯಾಂಡ್ ಇತ್ತು. ಆಳುಗಳನ್ನು ಮೇಲೆ ತರುವ ಕೊನೆಯ ಲಿಫ್ಟಿನ ಹೆಸರದು. ಕ್ರಿಸ್‌ಮಸ್ ಕುಣಿತದ ಸಂಜೆ ಅವರ ಡ್ರಮ್ಮರ್ ಜ್ವರ ಬಂದು ಮಲಗಿದ. ಅಲ್ಲಿ ಕುರ್ಚಿ ಹೊರುತ್ತಿದ್ದ ನಾರೆಪ್ಪನನ್ನು ಬ್ಯಾಂಡಿನ ಹಾಡುಗಾರ ವಿನ್ಸಿ ಕರೆದು ನನ್ನನ್ನು ತರಿಸಿದ. ನಾರೆಪ್ಪನ ಕೈಗೆ ಬಂದದ್ದು ಹೆಣದ ವರಸೆಯೇ. ಸಾಹೇಬರೂ ಮೇಡಂಗಳೂ ಗೊತ್ತಿಲ್ಲದೆ ನಮ್ಮ ಕೇರಿಯ ಸಾವಿಗೆ ಬೆವರಿಳಿಯುವ ಹಾಗೆ ಕುಣಿದರು. ಆಮೇಲೆ ಆ ವರಸೆಯಿಲ್ಲದೆ ಬ್ಯಾಂಡೇ ಇಲ್ಲವೆಂಬಂತಾಯಿತು. ಊರೂರು ಸುತ್ತಿದೆವು. ಕ್ಯಾಸೆಟ್ಟಿನ ಮೇಲೆ ನಾಲ್ಕು ಮುಖ ಬಂದವು. ಐದನೆಯದು, ನಾರೆಪ್ಪನದು, ಫೋಟೋದವನ ಹಿಂದೆ ದೀಪ ಹಿಡಿದು ನಿಂತಿತ್ತು.

ಗಣಿ ಮುಚ್ಚಿತು. ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ನಾರೆಪ್ಪನೂ ಹೋದ. ಮಗಳು ಸುಗುಣ ನನ್ನನ್ನು ಗೋಡೆಗೆ ತೂಗುಹಾಕಿದಳು. ಬಹುಕಾಲ ನಿದ್ದೆಹೋದೆ. ಅಷ್ಟರಲ್ಲಿ ಆ ಬ್ಯಾಂಡಿನ ಕಥೆಯ ಸಿನಿಮಾ ಬಂತು. ಅದರಲ್ಲಿ ವಿನ್ಸಿಗೆ ಆ ವರಸೆ ಮಂಜು ಕವಿದ ಬೆಟ್ಟದ ಮೇಲೆ ಹೊಳೆಯುತ್ತದೆಯಂತೆ.

ಸುಗುಣ ಬೆಂಗಳೂರಿನ ಗಾರ್ಮೆಂಟ್ಸಿಗೆ ದಿನಾ ರೈಲಿನಲ್ಲಿ ಹೋಗುವವಳು. ಅವಳು ಹತ್ತುವ ಡಬ್ಬಿಯಲ್ಲಿ ಲಾಸ್ಟ್ ಕೇಜಿನ ಅಭಿಮಾನಿಗಳು ಕರ್ಚೀಫು ಹಾಕಿ ಹಿಡಿದ ಒಂದು ಸಾಲು ಸೀಟಿದೆ. ಅವತ್ತು ನಾನು ಅವಳ ಮಡಿಲಲ್ಲಿದ್ದೆ. ಸಂಜೆ ಸಿನಿಮಾದ ವಿಜಯೋತ್ಸವ. ನಿಮ್ಮ ತಂದೆಯ ಹೆಸರು ಹೇಳುತ್ತೇವೆ, ತಮಟೆ ತನ್ನಿ ಎಂದು ಫೋನು ಬಂದಿತ್ತು. ಅಪ್ಪನ ಹೆಸರು ಒಂದು ಸಲ ಮೈಕಿನಲ್ಲಿ ಕೇಳಬೇಕು, ಅವಳಿಗೆ ಬೇಕಿದ್ದದ್ದು ಅಷ್ಟೇ.

ಎದುರು ಸೀಟಿನ ಕೋದಂಡ ಸಿನಿಮಾ ಮೂರು ಸಲ ನೋಡಿದ್ದ. ಗಿಟಾರು, ಕೂದಲು ಎಲ್ಲ ಥೇಟ್ ಹಾಗೇ ಇವೆ, ಕಣ್ಣೀರು ಬಂತು ಎಂದ. ವಿಗ್ ನೋಡಿ ಅತ್ತವನು ಲೋಕದಲ್ಲಿ ನೀನೊಬ್ಬನೇ ಎಂದು ಪಕ್ಕದ ಅಂತೋಣಿ ಕೆಣಕಿದ.

“ಆ ಹೀರೋ ತಮಟೆ ಹಿಡ್ಕಂಡವ್ನೋ, ಮೊರದಾಗೆ ಅಕ್ಕಿ ಕೇರ್ತಾವ್ನೋ?”

ಡಬ್ಬಿಯೆಲ್ಲ ನಕ್ಕಿತು. ಕೋದಂಡ ಸುಗುಣಳ ಕಡೆ ತಿರುಗಿದ. “ಸಿನಿಮಾ ಅಂದ್ಮೇಲೆ ಒಬ್ನೇ ಹೀರೋ ಕಣಕ್ಕ. ನಮ್ಮೂರ ಹೆಸ್ರು ಬಂತಲ್ಲ, ಸಾಕು ಬಿಡು.”

“ಊರ ಹೆಸ್ರು ಬಂತು ಕೋದಂಡ. ಊರಾಗಿದ್ದೋರ್ದು?”

ಕೆಳಗೆ ಗಾಲಿಗಳು ಉರುಳುತ್ತಿದ್ದವು; ಯಾರೂ ಮುಟ್ಟದೆಯೇ ನನ್ನ ಚರ್ಮ ಗುಂಯ್‌ಗುಟ್ಟತೊಡಗಿತು. ಹೆಣವಾಗಿ ನನ್ನ ಹಿಂದೆ ಸಾಗಿಹೋದವರೆಲ್ಲ ಸೀಟುಗಳ ನಡುವೆ ಮೆಲ್ಲಗೆ ನಡೆದುಬಂದಂತೆ, ಕಿಟಕಿಯ ಗಾಳಿಗೆ ಮುಖವೊಡ್ಡಿ ನಿಂತಂತೆ ಕಂಡಿತು.

ಸಂಜೆ ವೇದಿಕೆಯ ಮಗ್ಗುಲಲ್ಲಿ ಸಿನಿಮಾ ಕಂಪನಿಯ ಮ್ಯಾನೇಜರ್ ಸುಗುಣಳಿಗೆ ಹೇಳಿಕೊಟ್ಟ: ವಿನ್ಸಿ ಸಾರ್ ಅವರ ತಮಟೆ ನಮ್ಮ ಮನೆಯಲ್ಲಿ ಜೋಪಾನವಾಗಿತ್ತು ಎನ್ನಬೇಕು, ಅವರ ಕೈಗೆ ಕೊಟ್ಟು ಇಳಿಯಬೇಕು. ಅಪ್ಪನ ಹೆಸರು ಹೇಳುವುದಿಲ್ಲವೇ ಎಂದು ಅವಳು ಕೇಳಿದಳು. ಟೈಮಿಲ್ಲ ಎಂದ. ಅವಳು ವೇದಿಕೆ ಹತ್ತಿದಾಗ ಮುದುಕ ವಿನ್ಸಿ ಕೈಚಾಚಿ ಕೂತಿದ್ದ. ನನ್ನನ್ನು ಕಂಡದ್ದೇ ಕಣ್ಣು ತಗ್ಗಿಸಿದ.

ನನಗೂ ವಯಸ್ಸಾಗಿದೆ, ಅಂಚು ಬಿರಿದಿದೆ. ವಿನ್ಸಿಯ ಮನೆಯ ಗಾಜಿನ ಪೆಟ್ಟಿಗೆಯೋ ಸುಗುಣಳ ಮಣ್ಣಿನ ಗೋಡೆಯೋ, ಎಲ್ಲಿ ಒಣಗಿದರೂ ಒಂದೇ ಎಂದುಕೊಂಡಿದ್ದೆ. ಸುಗುಣಳ ಬೆರಳು ನನ್ನ ಸುತ್ತ ಬಿಗಿದಾಗ, ಒಂದೇ ಅಲ್ಲವೆಂದು ತಿಳಿಯಿತು. ಬಾರಿಸಿದವನನ್ನು ಅಳಿಸಿದರೆ ನಾನು ಬರೀ ತೊಗಲು.

ಅವಳು ಮೈಕಿಗೆ ಬಾಗಿದಳು.

“ಇದ್ನ ಕಟ್ಟಿದ್ದು, ಬಾರ್ಸಿದ್ದು ನಮ್ಮಪ್ಪ ನಾರೆಪ್ಪ. ಸಾರ್ ಕೈಗೆ ಕೊಡು ಅಂತ ಹೇಳವ್ರೆ. ನಾನು ಕೊಡಲ್ಲ.”